ಹಾವೋ ಹಗ್ಗವೋ? ಟೆಸ್ಟರ್ ಕಡ್ಡಿಯ ಚರಿತ್ರೆ

ಕತ್ತಲಲ್ಲಿ ಬಿದ್ದ ಹಗ್ಗವನ್ನು ಹಾವೆಂದು ತಿಳಿದು ಬೆದರಿದವನ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ದೀಪ ತಂದು ನೋಡಿದರೆ ಹಾವಿಲ್ಲ, ಇರುವುದು ಹಗ್ಗ ಮಾತ್ರ. ಭ್ರಮೆ ಹರಿಯಿತು, ಭಯವೂ ಹೋಯಿತು. ಆದರೆ ವಿದ್ಯುತ್ ತಂತಿಯೊಡನೆ ಒಡನಾಡುವವರಿಗೆ ಈ ದೃಷ್ಟಾಂತವನ್ನು ತಿರುಗಿಸಿ ಹೇಳಬೇಕಾಗುತ್ತದೆ. ಹಗ್ಗವನ್ನು ಹಾವೆಂದು ಬಗೆದವನು ಅರೆಗಳಿಗೆ ಹೆದರಿದಾನು, ಅಷ್ಟೇ. ಹಾವನ್ನು ಹಗ್ಗವೆಂದು ಬಗೆದು ಕೈಯಿಟ್ಟವನ ಗತಿಯೇನು? ಭಾರತದಲ್ಲಿ ವಿದ್ಯುದಾಘಾತದಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆಂದು ಸರಕಾರದ ಅಪಘಾತ ವರದಿಗಳೇ ಹೇಳುತ್ತವೆ.

ಮುಂಬಯಿಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ನಾಸಿಕದತ್ತ ಸಾಗುವ ಆಗ್ರಾ ರಸ್ತೆ, ಘೋಡ್‌ಬಂದರ್ ರಸ್ತೆ ಈ ಮೂರೂ ಕೂಡುವ ಥಾಣೆಯ ಮಾಜಿವಾಡಾದಲ್ಲಿ ಹಳೆಯ ಊರಿನ ಮನೆಗಳೂ ಮುಗಿಲು ಮುಟ್ಟುವ ಕಟ್ಟಡಗಳೂ ಒಟ್ಟಿಗೇ ಇವೆ. ಎರಡಕ್ಕೂ ವಿದ್ಯುತ್ ಬೇಕು. ಎರಡರಲ್ಲೂ ಅದು ಕೆಡುತ್ತದೆ. ದುರಸ್ತಿಗೆ ಬರುವ ಇಲೆಕ್ಟ್ರೀಷಿಯನ್‌ನ ಜೇಬಿನಲ್ಲಿ ಹಿಂದೆಲ್ಲ ಸ್ಕ್ರೂಡ್ರೈವರಿನಂಥ ನಿಯಾನ್ ಟೆಸ್ಟರ್ ಇರುತ್ತಿತ್ತು. ಈಗ ಅದರ ಜೊತೆಗೆ, ಅನೇಕ ವೇಳೆ ಅದರ ಬದಲಿಗೆ, ಪೆನ್ನಿನಂಥದೊಂದು ಕಡ್ಡಿ ಬಂದಿದೆ. ಅದನ್ನು ತಂತಿಗೆ ತಾಗಿಸಬೇಕಾಗಿಲ್ಲ. ರಬ್ಬರು ಹೊದಿಕೆಯ ಮೇಲೆ ಹಿಡಿದರೆ ಸಾಕು, ಕೆಂಪು ದೀಪ ಹತ್ತಿ ಕಿರ್ರೆನ್ನುತ್ತದೆ. ದೀಪ ಹತ್ತದಿದ್ದರೆ ‘ಕರೆಂಟಿಲ್ಲ’ ಎಂದು ಕೈಹಾಕುತ್ತಾರೆ. ಈ ಎರಡನೆಯ ಮಾತು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದೇ ಇಲ್ಲಿಯ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ ಕಣ್ಣಿಗೆ ಕಾಣದ ವಿದ್ಯುತ್ತನ್ನು ಮನುಷ್ಯ ಯಾವ ಯಾವ ರೀತಿಯಲ್ಲಿ ಗುರುತಿಸುತ್ತ ಬಂದ ಎಂಬ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ದೇಹವೇ ಮಾಪಕ

ಮುಟ್ಟದೆಯೇ ವಿದ್ಯುತ್ತಿನ ಇರವನ್ನು ತೋರಿಸುವ ಪ್ರಯೋಗ ಹೊಸದೇನೂ ಅಲ್ಲ. ಲಂಡನ್ನಿನ ಸ್ಟೀಫನ್ ಗ್ರೇ ಎಂಬಾತ 1730ರಲ್ಲಿ ಒಬ್ಬ ಬಾಲಕನನ್ನು ಹಗ್ಗಗಳಲ್ಲಿ ಅಡ್ಡಲಾಗಿ ತೂಗುಬಿಟ್ಟು, ಉಜ್ಜಿದ ಗಾಜಿನ ಕೊಳವೆಯೊಂದನ್ನು ಅವನ ಕಾಲಿನ ಬಳಿಗೆ ತಂದ. ಕೊಳವೆ ಕಾಲನ್ನು ತಾಗಲಿಲ್ಲ. ಆದರೂ ಹುಡುಗನ ಮುಖವೂ ಕೈಗಳೂ ಹತ್ತಿರವಿದ್ದ ಹಿತ್ತಾಳೆಯ ತೆಳುರೇಕುಗಳನ್ನು ಸೆಳೆದುಕೊಂಡವು. ವಿದ್ಯುತ್ತು ನಡುವಿನ ಗಾಳಿಯನ್ನು ದಾಟಿ ಪ್ರಭಾವ ಬೀರುತ್ತದೆ, ಮನುಷ್ಯನ ದೇಹ ಅದನ್ನು ಸಾಗಿಸುತ್ತದೆ ಎಂಬ ಎರಡು ಸಂಗತಿಗಳು ಈ ಪ್ರಯೋಗದಿಂದ ಗೊತ್ತಾದವು. ಇಂದಿನ ಪೆನ್ ಟೆಸ್ಟರ್ ನಿಂತಿರುವುದು ಈ ಎರಡು ಸಂಗತಿಗಳ ಮೇಲೆಯೇ.

ಮಾಪಕವೇ ಮನುಷ್ಯನನ್ನು ಬಲಿ ತೆಗೆದುಕೊಂಡದ್ದೂ ಬೇಗನೆ ನಡೆಯಿತು. ಸಿಡಿಲೂ ವಿದ್ಯುತ್ತೂ ಒಂದೇ ಎಂದು ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಮೇಲೆ ಯುರೋಪಿನ ಹಲವೆಡೆ ಮನೆಯ ಮಾಡಿನ ಮೇಲೆ ಕಬ್ಬಿಣದ ಸಲಾಕೆ ನಿಲ್ಲಿಸಿ ಪ್ರಯೋಗ ಮಾಡತೊಡಗಿದರು. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಪ್ರಾಧ್ಯಾಪಕ ಗೆಯೋರ್ಗ್ ರಿಖ್ಮನ್ ಅಂಥ ಸಲಾಕೆಯಿಂದ ಮನೆಯೊಳಗೆ ತಂತಿ ತಂದು, ವಿದ್ಯುತ್ತಿನ ಪ್ರಮಾಣ ತೋರಿಸುವ ಒಂದು ಉಪಕರಣಕ್ಕೆ ಜೋಡಿಸಿದ್ದ. ಅಳೆಯಲು ವಿದ್ಯುತ್ತು ನಿಲ್ಲಬೇಕಲ್ಲ. ಅದಕ್ಕಾಗಿ ಸಲಾಕೆಯನ್ನು ಭೂಮಿಗೆ ಸೇರದಂತೆ ಬೇರ್ಪಡಿಸಿದ್ದ. 1753ರ ಬೇಸಗೆಯಲ್ಲಿ ಗುಡುಗು ಬಂದ ದಿನ ಉಪಕರಣವನ್ನು ಬಗ್ಗಿ ನೋಡುತ್ತಿದ್ದಾಗ ಅವನ ಹಣೆಗೆ ಸಿಡಿಲು ಹಾರಿ ಅಲ್ಲಿಯೇ ಪ್ರಾಣ ಹೋಯಿತು. ಭೂಮಿಗೆ ದಾರಿ ಕಾಣದ ವಿದ್ಯುತ್ತು ಮನುಷ್ಯನ ಮೂಲಕ ದಾರಿ ಮಾಡಿಕೊಂಡಿತ್ತು. ವಿದ್ಯುತ್ತನ್ನು ಪರೀಕ್ಷಿಸಲು ಹೋಗಿ ಸತ್ತವರ ಪಟ್ಟಿಯಲ್ಲಿ ಅವನದು ಮೊದಲ ಹೆಸರುಗಳಲ್ಲೊಂದು.

ಅದೇ ಶತಮಾನದಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಸರಿಯಾದ ಮಾಪಕವಿಲ್ಲದೆ ತನ್ನ ಮೈಗೆ ತಗಲಿದ ಆಘಾತದ ಬಲದಿಂದಲೇ ಪ್ರವಾಹವನ್ನು ಹೋಲಿಸಿ ನೋಡುತ್ತಿದ್ದ. ಇದು ಹಳೆಯ ಕಾಲದ ಹುಚ್ಚೆಂದು ನಗಬೇಕಾಗಿಲ್ಲ. 20ನೆಯ ಶತಮಾನದ ಮೊದಲರ್ಧದಲ್ಲಿ ಅಮೇರಿಕದ ಇಲೆಕ್ಟ್ರೀಷಿಯನ್ನರಲ್ಲಿ ಮನೆಮಾತಾಗಿದ್ದ ಟೆರೆಲ್ ಕ್ರಾಫ್ಟ್ ಎಂಬಾತನ ಕೈಪಿಡಿಯಲ್ಲಿ, ಕಡಿಮೆ ವೋಲ್ಟೇಜಿನ ತಂತಿಗಳನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸುವ ಪದ್ಧತಿಯ ವಿವರಣೆಯೇ ಇತ್ತು! ನಮ್ಮಲ್ಲೂ ಹಳೆಯ ವೈರ್‌ಮನ್‌ಗಳು ಬೆರಳಿನ ಹಿಂಬದಿಯನ್ನು ತಾಗಿಸಿ ‘ಇದೆ’ ಎಂದು ಹೇಳುತ್ತಿದ್ದುದನ್ನು ಕಂಡವರಿದ್ದಾರೆ. ಅಂಗೈ ತಾಗಿದರೆ ಸ್ನಾಯು ಸೆಟೆದು ತಂತಿಯನ್ನು ಹಿಡಿದುಬಿಡುತ್ತದೆ, ಹಿಂಬದಿ ತಾಗಿದರೆ ಕೈ ತಂತಿಯಿಂದ ದೂರ ಸರಿಯುತ್ತದೆ ಎಂಬುದು ಅವರ ಲೆಕ್ಕಾಚಾರ. ಒಣಕೈ, ಒಣನೆಲ, ಒಳ್ಳೆಯ ಚಪ್ಪಲಿ ಇರುವವರೆಗೆ ಈ ಲೆಕ್ಕ ನಡೆಯಿತು. ಮಳೆಗಾಲದಲ್ಲಿ ತಪ್ಪಿದಾಗ ಅದನ್ನು ಹೇಳಲು ಅವರು ಉಳಿಯಲಿಲ್ಲ.

ತಂತಿ ಊರಿಗೆ ಬಂತು

ವಿದ್ಯುತ್ತು ಪ್ರಯೋಗಶಾಲೆಯಿಂದ ಬೀದಿಗೆ ಇಳಿದಾಗ ಅಪಾಯವೂ ಬೀದಿಗೆ ಇಳಿಯಿತು. ನ್ಯೂಯಾರ್ಕಿನಲ್ಲಿ 1889ರ ಅಕ್ಟೋಬರ್ 11ರ ಮಧ್ಯಾಹ್ನ ಜಾನ್ ಫೀಕ್ಸ್ ಎಂಬ ಲೈನ್‌ಮನ್ ಕಂಬ ಹತ್ತಿ ತಂತಿಗಳನ್ನು ತೆಗೆಯುತ್ತಿದ್ದ. ಅವು ಅಲ್ಪ ವೋಲ್ಟೇಜಿನ ತಂತಿ ಅಂಚೆಯ ತಂತಿಗಳು. ಅವುಗಳಿಂದ ಜೀವಕ್ಕೆ ಅಪಾಯವಿರಲಿಲ್ಲ. ಆದರೆ ಕೆಲವು ಬೀದಿಗಳಾಚೆ ಎಲ್ಲಿಯೋ ಒಂದು ತಂತಿ ಬೀದಿದೀಪದ ಭಾರಿ ವೋಲ್ಟೇಜಿನ ತಂತಿಗೆ ತಾಗಿತ್ತು. ಊಟದ ಹೊತ್ತಿನ ಜನಸಂದಣಿಯ ಕಣ್ಣೆದುರಿಗೇ ಫೀಕ್ಸ್ ತಂತಿಗಳ ಜಾಲದಲ್ಲಿ ಸಿಕ್ಕಿ ಸತ್ತ. ತಾನು ಹಿಡಿದ ತಂತಿ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ್ದು ಅದರ ಇನ್ನೊಂದು ತುದಿ.

ನಮ್ಮ ನಾಡಿನಲ್ಲಿ ಈ ಯುಗ ದೊಡ್ಡದಾಗಿ ಆರಂಭವಾದದ್ದು ಕಾವೇರಿಯ ದಡದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಕೈಗೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ದೂರ ಸುಮಾರು 147 ಕಿಲೋಮೀಟರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಮುಂಬಯಿಯಲ್ಲಿ 1907ರ ಮೇ 7ರಂದು ವಿದ್ಯುತ್ ಟ್ರಾಮು ಓಡಿತು. 1915ರಲ್ಲಿ ಟಾಟಾ ಕಂಪೆನಿಯ ಖೋಪೋಲಿ ಕೇಂದ್ರದಿಂದ ಗಿರಣಿಗಳಿಗೆ ವಿದ್ಯುತ್ತು ಬಂತು. ಥಾಣೆ ಪ್ರದೇಶದಲ್ಲಿ ಕೈಗಾರಿಕೆ ಬೆಳೆದದ್ದು ಸ್ವಾತಂತ್ರ್ಯಾನಂತರ. 1960ರಲ್ಲಿ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ, 1962ರಲ್ಲಿ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದವು. ವಾಗ್ಳೆ ಎಸ್ಟೇಟಿನ ಕಾರಖಾನೆಗಳು ತುಂಬಿಕೊಂಡವು. ಆ ಕಾರಖಾನೆಗಳಿಗೆ ಫಿಟ್ಟರ್, ವೈರ್‌ಮನ್ ಆಗಿ, ಇಲ್ಲಿಯ ಹೊಟೇಲುಗಳಿಗೆ ಮಾಲಕರೂ ಕೆಲಸಗಾರರೂ ಆಗಿ ಬಂದ ನಮ್ಮವರ ದಿನನಿತ್ಯದ ಬದುಕಿನಲ್ಲಿ ಸ್ವಿಚ್ಚು, ಮೋಟಾರು, ಗ್ರೈಂಡರುಗಳು ಸೇರಿಕೊಂಡವು. ಅವುಗಳ ಜೊತೆಗೇ ಪ್ಲಾಸ್ಟಿಕ್ ಹಿಡಿಯ ಸಣ್ಣ ಟೆಸ್ಟರೂ ಬಂತು.

ಬೆಂಗಳೂರಿನ ನಂಟು

ಈ ಟೆಸ್ಟರಿನೊಳಗೆ ಕಿತ್ತಳೆಗೆಂಪಾಗಿ ಮಿನುಗುವ ನಿಯಾನ್ ಅನಿಲಕ್ಕೂ ಬೆಂಗಳೂರಿಗೂ ಒಂದು ಸಂಬಂಧವಿದೆಯೆಂದರೆ ಹಲವರಿಗೆ ಆಶ್ಚರ್ಯವಾದೀತು. 1898ರಲ್ಲಿ ಲಂಡನ್ನಿನಲ್ಲಿ ದ್ರವರೂಪದ ಗಾಳಿಯಿಂದ ಆ ಅನಿಲವನ್ನು ಬೇರ್ಪಡಿಸಿದವರು ಸರ್ ವಿಲಿಯಂ ರಾಮ್ಸೆ ಮತ್ತು ಅವರ ಸಹಾಯಕ ಮಾರಿಸ್ ಟ್ರಾವರ್ಸ್. ಎರಡು ವರ್ಷಗಳ ನಂತರ, 1900ರಲ್ಲಿ, ಜಮ್‌ಶೇಟ್‌ಜಿ ಟಾಟಾ ಅವರು ಸ್ಥಾಪಿಸಬೇಕೆಂದಿದ್ದ ಸಂಶೋಧನಾ ಸಂಸ್ಥೆಗೆ ಸ್ಥಳ ಗೊತ್ತುಮಾಡಲು ಇದೇ ರಾಮ್ಸೆ ಭಾರತ ಪ್ರವಾಸ ಮಾಡಿ ಬೆಂಗಳೂರನ್ನು ಶಿಫಾರಸು ಮಾಡಿದರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಸಂಸ್ಥೆಯ ಮೊದಲ ನಿರ್ದೇಶಕರಾಗಿ 1906ರಲ್ಲಿ ನೇಮಕಗೊಂಡು ಬಂದವರು ಟ್ರಾವರ್ಸ್ ಅವರೇ. ಅಲ್ಲಿ ಆರಂಭವಾದ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಶಾಸ್ತ್ರವೂ ಒಂದು. 1914ರಲ್ಲಿ ಟ್ರಾವರ್ಸ್ ಬೆಂಗಳೂರು ಬಿಟ್ಟರು. 1917ರಲ್ಲಿ ಅಮೇರಿಕದ ಮೆಕ್‌ಫಾರ್ಲನ್ ಮೂರ್ ಎಂಬಾತ ಅಲ್ಪಪ್ರವಾಹದಿಂದ ಬೆಳಗುವ ಪುಟ್ಟ ನಿಯಾನ್ ದೀಪವನ್ನು ನಿರ್ಮಿಸಿದ. ನಮ್ಮ ಟೆಸ್ಟರಿನ ಗುಂಡಿಯೊಳಗಿರುವುದು ಅದರ ಸಂತತಿಯೇ.

ನಿಯಾನ್ ಟೆಸ್ಟರಿನ ರಚನೆ ಸರಳ. ತುದಿಯ ಲೋಹ, ಅದರ ಹಿಂದೆ ಪ್ರವಾಹವನ್ನು ತಡೆಯುವ ದೊಡ್ಡ ರೆಸಿಸ್ಟರು, ಆಮೇಲೆ ದೀಪ, ಕೊನೆಗೆ ಹೆಬ್ಬೆರಳು ಒತ್ತುವ ಲೋಹದ ತೊಪ್ಪಿ. ಫೇಸ್ ತಂತಿಗೆ ತುದಿ ತಾಗಿದಾಗ ಒಂದು ಮಿಲಿ ಆಂಪಿಯರಿಗಿಂತಲೂ ಕಡಿಮೆ ಪ್ರವಾಹ ದೀಪದ ಮೂಲಕ, ಹೆಬ್ಬೆರಳಿನ ಮೂಲಕ, ದೇಹದ ಮೂಲಕ ನೆಲ ಸೇರುತ್ತದೆ. ನಮಗೆ ಅದರ ಅರಿವೂ ಆಗುವುದಿಲ್ಲ. ಹತ್ತು ಮಿಲಿ ಆಂಪಿಯರು ದಾಟಿದರೆ ಹಿಡಿದ ತಂತಿಯನ್ನು ಬಿಡಲು ಕಷ್ಟವಾಗುತ್ತದೆ, ಅದರ ಹಲವು ಪಟ್ಟಾದರೆ ಹೃದಯದ ತಾಳ ತಪ್ಪುತ್ತದೆ. ಜೀವಕ್ಕೂ ಬೆರಳಿಗೂ ನಡುವೆ ಇರುವುದು ಆ ಒಂದು ರೆಸಿಸ್ಟರು ಮಾತ್ರ. ಟೆಸ್ಟರಿನೊಳಗೆ ನೀರು ಸೇರಿದರೆ ಆ ರಕ್ಷಣೆಯೂ ಹೋದಂತೆಯೇ.

ಈ ಸಾಧನ ಬಹಳ ಉಪಕಾರ ಮಾಡಿದೆ. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿನಲ್ಲಿ ಜೋಡಿಸಿದ್ದರೆ ದೀಪ ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ತು ಇರುತ್ತದೆ. ಅದನ್ನು ನಿಯಾನ್ ಟೆಸ್ಟರು ತೋರಿಸಿಕೊಡುತ್ತದೆ. ಯಂತ್ರವನ್ನು ಪ್ಲಗ್ಗಿಗೆ ಹಾಕಿ ಸ್ವಿಚ್ಚು ಒತ್ತಿದಾಗ ಎರಡು ಕಡೆಯೂ ಟೆಸ್ಟರು ಬೆಳಗಿದರೆ ನ್ಯೂಟ್ರಲ್ ಕಡಿದಿದೆಯೆಂದು ಅನುಭವಿಗಳು ಕೂಡಲೇ ಹೇಳುತ್ತಾರೆ. ಆದರೆ ಬೆಳಗದಿರುವುದಕ್ಕೂ ಅದಕ್ಕೆ ಹಲವು ಕಾರಣಗಳಿವೆ. ಒಣಮರದ ಸ್ಟೂಲಿನ ಮೇಲೆ ನಿಂತರೆ ಮಂಕಾಗುತ್ತದೆ. ಬಿಸಿಲಿನಲ್ಲಿ ಹೊತ್ತಿದರೂ ಕಾಣುವುದಿಲ್ಲ. ಒಳಗಿನ ಸ್ಪ್ರಿಂಗು ಸಡಿಲವಾದರೆ ಸುಮ್ಮನಿರುತ್ತದೆ. ಸುಮಾರು 60ರಿಂದ 90 ವೋಲ್ಟಿನವರೆಗೆ ಅದು ಹೊತ್ತುವುದೇ ಇಲ್ಲ.

ಮುಟ್ಟದೆ ಅರಿಯುವ ಕಡ್ಡಿ

ಹೀಗೆ ಬರಿಯ ತಾಮ್ರಕ್ಕೆ ತುದಿ ತಾಗಿಸಬೇಕಾಗಿದ್ದುದು, ದೇಹದ ಮೂಲಕ ಪ್ರವಾಹ ಹರಿಯಬೇಕಾಗಿದ್ದುದು ನಿಯಾನ್ ಟೆಸ್ಟರಿನ ದೋಷಗಳು. ಅವುಗಳಿಗೆ ಪರಿಹಾರ ಇಲೆಕ್ಟ್ರಾನಿಕ್ಸ್‌ನಿಂದ ಬಂತು. ವಿದ್ಯುತ್ ಕ್ಷೇತ್ರದ ಪ್ರಭಾವದಿಂದಲೇ ಕೆಲಸ ಮಾಡುವ, ಪ್ರವಾಹವನ್ನು ಹೆಚ್ಚುಕಡಿಮೆ ಬೇಡದೇ ಇರುವ ಟ್ರಾನ್ಸಿಸ್ಟರನ್ನು 1959ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಅಟಾಲಾ ಮತ್ತು ಕಾಂಗ್ ಎಂಬಿಬ್ಬರು ರಚಿಸಿದರು. ಅಂಥವುಗಳನ್ನು ಹೊತ್ತ ಚಿಪ್ಪುಗಳು ಅಗ್ಗವಾದ ಮೇಲೆ ಸಣ್ಣ ಬ್ಯಾಟರಿಯ ಪೆನ್ ಟೆಸ್ಟರು ಸಾಧ್ಯವಾಯಿತು.

ಅದರ ತತ್ತ್ವವನ್ನು ನಮ್ಮ ಫ್ಯಾನಿನ ಕಂಡೆನ್ಸರನ್ನು ನೆನೆದರೆ ತಿಳಿಯಬಹುದು. ಎರಡು ಲೋಹಗಳ ನಡುವೆ ವಿದ್ಯುತ್ತು ಹರಿಯದ ಪದರವೊಂದಿದ್ದರೆ ಅದು ಕಂಡೆನ್ಸರು. ಸೆಕೆಂಡಿಗೆ 50 ಆವರ್ತ ದಿಕ್ಕು ಬದಲಿಸುವ ಎ.ಸಿ. ಪ್ರವಾಹ ಅದನ್ನು ಒಂದಿಷ್ಟು ದಾಟಬಲ್ಲುದು. ತಂತಿಯ ತಾಮ್ರ ಒಂದು ಲೋಹ, ಪೆನ್ನಿನ ತುದಿಯೊಳಗಿನ ತಗಡು ಇನ್ನೊಂದು ಲೋಹ. ನಡುವೆ ತಂತಿಯ ಹೊದಿಕೆ, ಗಾಳಿ, ಪ್ಲಾಸ್ಟಿಕ್ಕು. ಇದು ಅತಿ ಸಣ್ಣದೊಂದು ಕಂಡೆನ್ಸರು. ಇನ್ನೊಂದು ಕಂಡೆನ್ಸರು ಪೆನ್ನು ಹಿಡಿದವನ ದೇಹ ಮತ್ತು ಭೂಮಿಯ ನಡುವಿನದು. ಇವೆರಡರ ಮೂಲಕ ಸುಳಿಯುವ ಅತ್ಯಲ್ಪ ಪ್ರವಾಹವನ್ನು ಚಿಪ್ಪು ಹಿಗ್ಗಿಸಿ ದೀಪ ಹೊತ್ತಿಸುತ್ತದೆ. ಗ್ರೇ ತೂಗುಬಿಟ್ಟ ಹುಡುಗನ ಕೆಲಸವನ್ನು ಇಲ್ಲಿ ಪೆನ್ನು ಹಿಡಿದವನೇ ಮಾಡುತ್ತಾನೆ. ಮುಟ್ಟುವುದಿಲ್ಲವಾದರೂ ಅವನ ದೇಹ ಈ ಮಾಪಕದ ಒಂದು ಭಾಗ ಎಂಬುದನ್ನು ಮರೆಯಬಾರದು. ಇದರ ಗುಣವೂ ದೋಷವೂ ಇದರಿಂದಲೇ ಹುಟ್ಟುತ್ತವೆ.

ಗುಣ ಸಣ್ಣದಲ್ಲ. ಯಾವ ತಿರುಪನ್ನೂ ಬಿಚ್ಚದೆ, ಬರಿಯ ತಾಮ್ರದ ಬಳಿ ಕೈ ಒಯ್ಯದೆ, ಇಲ್ಲಿ ಅಪಾಯವಿದೆಯೆಂದು ಮೊದಲೇ ಎಚ್ಚರಿಸುವ ಸಾಧನ ಇದಕ್ಕಿಂತ ಸುಲಭವಾದುದು ಇನ್ನೊಂದಿಲ್ಲ. ಗ್ರೈಂಡರಿನ ಮೈಗೆ ವಿದ್ಯುತ್ತು ಸೋರಿದ್ದರೆ, ಅರ್ಥಿಂಗ್ ಕೆಟ್ಟಿದ್ದರೆ, ಒದ್ದೆ ನೆಲದ ಅಡಿಗೆಮನೆಯಲ್ಲಿ ಇದು ಪ್ರಾಣ ಉಳಿಸೀತು.

ಇನ್ನು ದೋಷಗಳು. ಮೊದಲನೆಯದು, ಹಗ್ಗವನ್ನು ಹಾವೆಂದು ತೋರಿಸುವುದು. ಒಂದೇ ಪೈಪಿನಲ್ಲಿ ಜೀವಂತ ತಂತಿಯ ಪಕ್ಕದಲ್ಲಿ ಏನಕ್ಕೂ ಜೋಡಿಸದ ತಂತಿ ಹಾದುಹೋಗಿದ್ದರೆ ಅದರಲ್ಲೂ ಪ್ರೇರಣೆಯಿಂದ ವೋಲ್ಟೇಜು ಕಾಣಿಸಿ ಪೆನ್ನು ಕಿರುಚುತ್ತದೆ. ಪೆನ್ನನ್ನು ಬಟ್ಟೆಗೆ ಉಜ್ಜಿದರೂ ಕೆಲವೊಮ್ಮೆ ದೀಪ ಮಿನುಗುತ್ತದೆ. ಇದರಿಂದ ಹೊತ್ತು ಹಾಳಾಗಬಹುದೇ ಹೊರತು ಜೀವಕ್ಕೆ ಕೇಡಿಲ್ಲ. ಆದರೆ ಇಲ್ಲೊಂದು ಪರೋಕ್ಷ ಕೇಡಿದೆ. ನಾಲ್ಕು ಬಾರಿ ಸುಳ್ಳು ಕೂಗಿದ ಕಡ್ಡಿಯನ್ನು ಐದನೆಯ ಬಾರಿ ಯಾರೂ ನಂಬುವುದಿಲ್ಲ.

ಎರಡನೆಯದು, ಹಾವಿದ್ದರೂ ಸುಮ್ಮನಿರುವುದು. ಇದರ ಸಂದರ್ಭಗಳು ಅನೇಕ. ತಂತಿ ಲೋಹದ ಪೈಪಿನೊಳಗೆ ಅಥವಾ ಲೋಹದ ಕವಚವುಳ್ಳ ಕೇಬಲಿನೊಳಗೆ ಇದ್ದರೆ, ಭೂಮಿಗೆ ಸೇರಿದ ಆ ಲೋಹ ಕ್ಷೇತ್ರವನ್ನು ಹೊರಗೆ ಬಿಡುವುದಿಲ್ಲ. ಮೂರು ಫೇಸಿನ ಕೇಬಲಿನಲ್ಲಿ ಮೂರು ತಂತಿಗಳ ಕ್ಷೇತ್ರಗಳು ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಲಿಫ್ಟು, ಪಂಪುಗಳಿಗೆ ಇಂಥ ಕೇಬಲುಗಳೇ ಹೋಗುವುದು. ಪರೀಕ್ಷಿಸುವವನು ಎತ್ತರದ ಮರದ ಅಥವಾ ಫೈಬರಿನ ಏಣಿಯ ಮೇಲಿದ್ದರೆ ಭೂಮಿಯೊಡನೆ ಅವನ ದೇಹದ ಸಂಬಂಧ ಕ್ಷೀಣವಾಗುತ್ತದೆ. ಅದೇ ಕೇಬಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರಂತೂ ಅವನ ದೇಹವೂ ಸ್ವಲ್ಪಮಟ್ಟಿಗೆ ತಂತಿಯ ವೋಲ್ಟೇಜಿನತ್ತ ಏರಿ, ಎರಡರ ವ್ಯತ್ಯಾಸ ಕುಗ್ಗಿ, ಪೆನ್ನು ಸುಮ್ಮನಾದೀತು. ಬ್ಯಾಟರಿ ಇಳಿದಿದ್ದರೆ ಕೇಳುವುದೇ ಬೇಡ. ಈ ಪೈಕಿ ಒಂದನ್ನೂ ದೀಪ ಹತ್ತದ ಪೆನ್ನು ತಾನಾಗಿ ಹೇಳುವುದಿಲ್ಲ. ವಿದ್ಯುತ್ತಿಲ್ಲದ ಕಾರಣ ಸುಮ್ಮನಿದೆಯೋ, ಕಾಣದ ಕಾರಣ ಸುಮ್ಮನಿದೆಯೋ, ಸತ್ತ ಕಾರಣ ಸುಮ್ಮನಿದೆಯೋ, ಹೊರಗಿನಿಂದ ಮೂರೂ ಒಂದೇ ತೆರ.

ನಮ್ಮ ರೈಲು ಕಲಿಸಿದ ಪಾಠ

ಪೆನ್ ಟೆಸ್ಟರಿನ ಅತಿ ದೊಡ್ಡ ಕುರುಡುತನಕ್ಕೆ ಉದಾಹರಣೆಯನ್ನು ಥಾಣೆ, ಡೊಂಬಿವಲಿ, ಕಲ್ಯಾಣಗಳ ಜನ ದೂರ ಹುಡುಕಬೇಕಾಗಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಓಡಿದ ದೇಶದ ಮೊದಲ ಪ್ರಯಾಣಿಕರ ರೈಲಿನ ಕತೆ ಎಲ್ಲರಿಗೂ ಗೊತ್ತು. ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ. ಅದಕ್ಕೆ ಬಳಸಿದ್ದು 1500 ವೋಲ್ಟಿನ ಡಿ.ಸಿ., ಎಂದರೆ ದಿಕ್ಕು ಬದಲಿಸದ ಏಕಮುಖ ಪ್ರವಾಹ. ಮುಂದಿನ ಐದಾರು ವರ್ಷಗಳಲ್ಲಿ ಅದು ಕಲ್ಯಾಣವನ್ನು ದಾಟಿ ಪುಣೆ, ಇಗತ್‌ಪುರಿಗಳನ್ನು ಮುಟ್ಟಿತು. ಡೊಂಬಿವಲಿ, ಕಲ್ಯಾಣಗಳ ನಡುವೆ ಠಾಕುರ್ಲಿಯಲ್ಲಿ ರೈಲ್ವೆಯವರು ಕಟ್ಟಿದ ಚೋಳಾ ಪವರ್ ಹೌಸ್ ಈ ಮಾರ್ಗಕ್ಕಾಗಿಯೇ ಬಹುಕಾಲ ಕಲ್ಲಿದ್ದಲು ಸುಟ್ಟಿತು. ಅದು ಮುಚ್ಚಿ ದಶಕಗಳಾದವು. ಮುಂಬಯಿ ಉಪನಗರ ಮಾರ್ಗಗಳನ್ನು 25,000 ವೋಲ್ಟಿನ ಎ.ಸಿ.ಗೆ ಬದಲಿಸುವ ಕೆಲಸ ಹಂತಹಂತವಾಗಿ ನಡೆದು 2016ರಲ್ಲಿ ಹಾರ್ಬರ್ ಮಾರ್ಗದೊಡನೆ ಮುಗಿಯಿತು.

ಎಂದರೆ ತೊಂಬತ್ತು ವರ್ಷಗಳ ಕಾಲ ನಮ್ಮ ತಲೆಯ ಮೇಲೆ 1500 ವೋಲ್ಟಿನ ಡಿ.ಸಿ. ತಂತಿ ಹರಡಿತ್ತು. ಆ ತಂತಿಯ ಬಳಿಗೆ ಇಂದಿನ ಪೆನ್ ಟೆಸ್ಟರನ್ನು ಒಯ್ದಿದ್ದರೆ ಅದು ಸುಮ್ಮನೇ ಇರುತ್ತಿತ್ತು. ದಿಕ್ಕು ಬದಲಿಸದ ವೋಲ್ಟೇಜು ಕಂಡೆನ್ಸರನ್ನು ದಾಟುವುದಿಲ್ಲ. ಮನೆಯ 230 ವೋಲ್ಟಿಗೆ ಕೂಗುವ ಕಡ್ಡಿ ಅದರ ಆರು ಪಟ್ಟಿಗೂ ಹೆಚ್ಚಾದ ವೋಲ್ಟೇಜಿಗೆ ಮೌನ! ರೈಲ್ವೆಯ ತಂತಿ ಕೆಲಸಗಾರರು ಇಂಥ ಯಾವ ಕಡ್ಡಿಯನ್ನೂ ನಂಬಿ ಬದುಕಿದವರಲ್ಲ. ವಿದ್ಯುತ್ತು ಕಡಿದಿದೆಯೆಂದು ಬರಹದಲ್ಲಿ ಅನುಮತಿ ಪತ್ರ ಬರಬೇಕು, ಬಂದ ಮೇಲೂ ಡಿಸ್ಚಾರ್ಜ್ ರಾಡ್ ಎಂಬ ಉದ್ದನೆಯ ಕೋಲಿನಿಂದ ತಂತಿಯನ್ನು ಅರ್ಥಿಂಗ್‌ಗೆ ಬಿಗಿಯಬೇಕು, ಆಮೇಲೆ ಕೈ. ತಪ್ಪಿ ಯಾರಾದರೂ ವಿದ್ಯುತ್ತು ಬಿಟ್ಟರೂ ಅದು ಮನುಷ್ಯನ ಬದಲು ಕೋಲಿನ ಮೂಲಕ ಭೂಮಿಗೆ ಹೋಗುತ್ತದೆ. ರಿಖ್ಮನ್‌ನ ಸಲಾಕೆಗೆ ಇಲ್ಲದೇ ಹೋದ ದಾರಿಯನ್ನು ಇಲ್ಲಿ ಮೊದಲೇ ಮಾಡಿಕೊಟ್ಟಿರುತ್ತಾರೆ. 1956ರ ಭಾರತೀಯ ವಿದ್ಯುತ್ ನಿಯಮಗಳ 36ನೆಯ ನಿಯಮ ಹೇಳಿದ್ದೂ ಇದನ್ನೇ: ಯಾವ ತಂತಿಯನ್ನಾಗಲಿ ಯಂತ್ರವನ್ನಾಗಲಿ ಮುಟ್ಟುವ ಮೊದಲು ಅರ್ಥಿಂಗ್ ಮಾಡಿಯೋ ಬೇರೆ ತಕ್ಕ ಉಪಾಯದಿಂದಲೋ ಅದರ ವಿದ್ಯುತ್ತನ್ನು ಇಳಿಸಬೇಕು. ಆ ನಿಯಮಗಳ ಸ್ಥಾನದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳು ಬಂದಿವೆ; ತತ್ತ್ವ ಬದಲಾಗಿಲ್ಲ.

ರೈಲಿನಿಂದ ಡಿ.ಸಿ. ಹೋಯಿತು, ಆದರೆ ಮನೆಗೆ ಬಂತು. ಮಾಳಿಗೆಯ ಮೇಲಿನ ಸೋಲಾರ್ ಫಲಕಗಳ ಸಾಲು ನೂರಾರು ವೋಲ್ಟಿನ ಡಿ.ಸಿ.ಯನ್ನು ಕೆಳಗಿಳಿಸುತ್ತದೆ. ಪಾರ್ಕಿಂಗಿನಲ್ಲಿ ನಿಂತ ವಿದ್ಯುತ್ ಕಾರುಗಳ ಬ್ಯಾಟರಿಗಳೂ ಡಿ.ಸಿ.ಯವೇ. ಬಿಸಿಲಿರುವವರೆಗೆ ಸೋಲಾರ್ ಫಲಕವನ್ನು ಆರಿಸುವ ಸ್ವಿಚ್ಚಿಲ್ಲ. ಅಲ್ಲಿ ಪೆನ್ ಟೆಸ್ಟರಿನ ಮೌನಕ್ಕೆ ಯಾವ ಬೆಲೆಯೂ ಇಲ್ಲವೆಂದು ಸೊಸೈಟಿಗಳ ಕಾರ್ಯಕಾರಿ ಸಮಿತಿಯವರೂ ವಾಚ್‌ಮನ್‌ಗಳೂ ತಿಳಿದಿರಬೇಕು.

ಇಂದಿನ ಮನೆಯಲ್ಲಿ

2020ರ ಅಕ್ಟೋಬರ್ 12ರ ಬೆಳಿಗ್ಗೆ ಕಳವಾ–ಪಡಘಾ ಮಾರ್ಗದ 400 ಕಿಲೋವೋಲ್ಟ್ ತಂತಿಗಳು ಕೈಕೊಟ್ಟು ಮುಂಬಯಿ, ಥಾಣೆ, ನವಿ ಮುಂಬಯಿಗಳ ವಿದ್ಯುತ್ತು ಹೋದುದನ್ನು ಓದುಗರು ಮರೆತಿರಲಾರರು. ಅಂಥ ಹೊತ್ತಿನಲ್ಲಿ ಊರಿನ ಯಾವ ತಂತಿಗೆ ಟೆಸ್ಟರು ಹಿಡಿದರೂ ಅದು ಹತ್ತುವುದಿಲ್ಲ. ಅದು ಸುಳ್ಳೂ ಅಲ್ಲ. ಆದರೂ ಮೇನ್ ಸ್ವಿಚ್ಚು ಇಳಿಸದೆ ಕೈಹಾಕಿದವನು ಫೀಕ್ಸ್‌ನ ಸ್ಥಿತಿಯಲ್ಲೇ ಇದ್ದಾನೆ, ಏಕೆಂದರೆ ತಂತಿಯ ಇನ್ನೊಂದು ತುದಿ ಅವನ ಕೈಯಲ್ಲಿಲ್ಲ. ವಿದ್ಯುತ್ತು ಹೇಳದೆ ಮರಳುತ್ತದೆ. ಅದಕ್ಕೂ ಮೊದಲೇ ಪಕ್ಕದ ಮನೆಯ ತಪ್ಪಾಗಿ ಜೋಡಿಸಿದ ಇನ್‌ವರ್ಟರಿನಿಂದಲೋ ಜನರೇಟರಿನಿಂದಲೋ ಹಿಮ್ಮುಖವಾಗಿ ಬಂದೀತು. ಟೆಸ್ಟರು ತಿಳಿಸುವುದು ಈ ಕ್ಷಣದ ಸಮಾಚಾರವನ್ನು ಮಾತ್ರ. ಮುಂದಿನ ಕ್ಷಣಕ್ಕೆ ಅದು ಜಾಮೀನಲ್ಲ.

ಮಳೆಗಾಲದ ಮಾತನ್ನೂ ಹೇಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ ಸತ್ತವರಲ್ಲಿ ವಿದ್ಯುದಾಘಾತಕ್ಕೆ ತುತ್ತಾದವರೂ ಇದ್ದರು. ನಿಂತ ನೀರಿಗೆ ಪೆನ್ ಟೆಸ್ಟರು ಹಿಡಿದು ‘ದಾಟಬಹುದು’ ಎಂದು ತೀರ್ಮಾನಿಸುವುದು ಶುದ್ಧ ಅವಿವೇಕ. ನೀರು ಭೂಮಿಗೇ ತಾಗಿರುವುದರಿಂದ ಅಲ್ಲಿ ಕಾಣುವ ವೋಲ್ಟೇಜು ಪೆನ್ನಿನ ಅಳವಿಗೆ ಸಿಗದಷ್ಟು ಕಡಿಮೆಯಿರಬಹುದು. ಆದರೂ ಹೆಜ್ಜೆಯಿಂದ ಹೆಜ್ಜೆಗೆ ಇರುವ ವ್ಯತ್ಯಾಸ ಒದ್ದೆಮೈಯವನನ್ನು ಕೆಡವಲು ಸಾಕು.

ಹಾಗಾದರೆ ಪೆನ್ ಟೆಸ್ಟರನ್ನು ಎಸೆಯಬೇಕೆ? ಖಂಡಿತ ಬೇಡ. ಅದರ ‘ಇದೆ’ ಎಂಬ ಮಾತನ್ನು ಯಾವಾಗಲೂ ಮನ್ನಿಸಬೇಕು. ಅದರ ಮೌನವನ್ನು ಮಾತ್ರ ಬೇರೆ ಸಾಕ್ಷಿಯಿಲ್ಲದೆ ಒಪ್ಪಬಾರದು. ಅನುಭವಿಗಳ ಕ್ರಮ ಹೀಗಿದೆ. ಮೊದಲು ಮೇನ್ ಸ್ವಿಚ್ಚು ಇಳಿಸಬೇಕು, ಇನ್ನೊಬ್ಬರು ಅದನ್ನು ಏರಿಸದಂತೆ ಬೀಗವನ್ನೋ ಬರೆದ ಹಲಗೆಯನ್ನೋ ಹಾಕಬೇಕು, ಇನ್‌ವರ್ಟರನ್ನೂ ಆರಿಸಬೇಕು. ಆಮೇಲೆ ಟೆಸ್ಟರನ್ನು, ವಿದ್ಯುತ್ತಿದೆಯೆಂದು ಖಚಿತವಾಗಿ ಗೊತ್ತಿರುವ ಬೇರೊಂದು ಜಾಗದಲ್ಲಿ ಹಿಡಿದು ಅದು ಹೊತ್ತುವುದನ್ನು ಕಾಣಬೇಕು. ನಂತರ ಕೆಲಸದ ತಂತಿಗೆ ಹಿಡಿಯಬೇಕು. ಕೊನೆಗೆ ಮತ್ತೆ ಗೊತ್ತಿರುವ ಜಾಗಕ್ಕೆ ಒಯ್ದು, ಟೆಸ್ಟರು ನಡುವೆ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕೈಯಿಡುವ ಮೊದಲಿನ ಕೊನೆಯ ಮಾತು ಎರಡು ಕಡ್ಡಿಗಳುಳ್ಳ, ತಂತಿಗೆ ನೇರವಾಗಿ ತಾಗಿಸಿ ಫೇಸಿಗೂ ನ್ಯೂಟ್ರಲಿಗೂ, ಫೇಸಿಗೂ ಅರ್ಥಿಂಗಿಗೂ ನಡುವಣ ವೋಲ್ಟೇಜನ್ನು ತೋರಿಸುವ ಟೆಸ್ಟರಿನದಾಗಿರಬೇಕು. ಅಂಥ ಟೆಸ್ಟರುಗಳಿಗೆ ಐ.ಇ.ಸಿ. 61243-3 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರಲ್ಲಿ ಪರೀಕ್ಷಕನ ದೇಹದ ಮೇಲಾಗಲಿ ಅವನು ನಿಂತ ಏಣಿಯ ಮೇಲಾಗಲಿ ಫಲಿತಾಂಶ ನಿಂತಿರುವುದಿಲ್ಲ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ, ಅದು ಸರಿಯಿದ್ದರೆ, ಎಲ್ಲ ಎಚ್ಚರಗಳು ತಪ್ಪಿದ ದಿನ ಅದೊಂದು ಕೊನೆಯ ಆಸರೆ.

ಇಷ್ಟೆಲ್ಲ ಮಾಡಲು ಐದು ನಿಮಿಷ ಹೆಚ್ಚು ಬೇಕಾದೀತು. ಅಂಗಡಿ ಮುಚ್ಚುವ ಹೊತ್ತಾಯಿತೆಂದೋ ಲಿಫ್ಟು ನಿಂತಿದೆಯೆಂದೋ ‘ಬೇಗ ಮಾಡಪ್ಪಾ’ ಎಂದು ಇಲೆಕ್ಟ್ರೀಷಿಯನ್‌ನನ್ನು ಅವಸರಪಡಿಸುವವರು ಸಾಮಾನ್ಯವಾಗಿ ನಾವೇ. ಮೇನ್ ಇಳಿಸಿದರೆ ಫ್ರಿಜ್ಜು ನಿಲ್ಲುತ್ತದೆ, ಟಿ.ವಿ. ನಿಲ್ಲುತ್ತದೆ ಎಂದು ಗೊಣಗುವವರೂ ನಾವೇ. ಆ ಐದು ನಿಮಿಷವನ್ನು ಅವನಿಗೆ ಬಿಟ್ಟುಕೊಡುವುದು ಮನೆಯವರ ಕರ್ತವ್ಯ.

ಸ್ಟೀಫನ್ ಗ್ರೇಯಿಂದ ಇಂದಿನವರೆಗೆ ಸುಮಾರು ಮುನ್ನೂರು ವರ್ಷಗಳಲ್ಲಿ ಉಪಕರಣ ಎಷ್ಟೋ ಬಾರಿ ಬದಲಾಯಿತು: ಹಿತ್ತಾಳೆಯ ರೇಕು, ಬೆರಳು, ನಿಯಾನ್ ದೀಪ, ಚಿಪ್ಪು. ಇವುಗಳಲ್ಲಿ ಯಾವುದಕ್ಕೂ ‘ಇಲ್ಲ’ ಎಂಬ ಮಾತನ್ನು ಆಡಲು ಬರುವುದಿಲ್ಲ. ಅವು ಇದ್ದುದನ್ನು ಹೇಳಬಲ್ಲವು, ಇಲ್ಲವಾದರೆ ಸುಮ್ಮನಿರಬಲ್ಲವು. ಮೌನವೇ ಸಮ್ಮತಿಯ ಲಕ್ಷಣವೆಂಬ ಮಾತು ಸಭೆಗೆ ಸರಿ, ಮದುವೆಮನೆಗೂ ಸರಿ. ಟೆಸ್ಟರ್ ಕಡ್ಡಿಗೆ ಅದು ಸಲ್ಲದು.